ಜೆಲ್ಲಿಗೆ ನೀರು ಹಾಕಿದ ಮಾವ

ನನ್ನ ಅಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಕೈಗೆ ಕೊಟ್ಟು ತೋರಿಸಿದರೂ ಅದು ಬೇರೆ ಮೊಲದ್ದು ಎನ್ನುತ್ತಾಳೆ. ನಾನು ಅವಳ ಮಗಳು, ನನ್ನ ಮೊಲದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮದುವೆಯಾಗಿ ಎರಡು ವರ್ಷವಾದರೂ ನಮ್ಮಿಬ್ಬರ ನಡುವೆ ಫೋನು ಬಿಟ್ಟರೆ ಬೇರೇನೂ ಓಡಾಡಿರಲಿಲ್ಲ ಎಂದರೆ, ನಮ್ಮನ್ನು ಬಲ್ಲವರು ಯಾರೂ ಹುಬ್ಬೇರಿಸುವುದಿಲ್ಲ.

ಅಮ್ಮನದು ಬಸ್ ನಿಲ್ದಾಣದ ಎದುರಿನ ಹಣ್ಣಿನಂಗಡಿ. ಕಲ್ಲಂಗಡಿಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಒಳಗಿನ ಬಣ್ಣ ಹೇಳಬಲ್ಲವಳು. ತನ್ನ ನಂತರ ಆ ಗಲ್ಲಾಪೆಟ್ಟಿಗೆಯ ಹಿಂದೆ ನಾನೇ ಕೂರುವುದೆಂದು ಅವಳು ನನ್ನನ್ನು ಕೇಳದೆ ತೀರ್ಮಾನಿಸಿದ್ದಳು. ಪಕ್ಕದ ಬೇಕರಿಗೆ ಟೈಲ್ಸ್ ಹಾಕಲು ಬಂದವನನ್ನು ಮದುವೆಯಾಗುವುದೆಂದು ನಾನು ಅವಳನ್ನು ಕೇಳದೆ ತೀರ್ಮಾನಿಸಿದೆ. ಅಲ್ಲಿಗೆ ಇಬ್ಬರದೂ ಸಮಸಮ ಆಯಿತಲ್ಲ ಎಂದುಕೊಂಡಿದ್ದೆ. ಅಮ್ಮನ ಲೆಕ್ಕ ಬೇರೆ ಇತ್ತು.

ಹುಡುಗನ ಬಗ್ಗೆ ಅವಳ ತಕರಾರಿರಲಿಲ್ಲ. ಸಭ್ಯ, ದುಡಿಯುತ್ತಾನೆ, ಹಣ್ಣು ಕೊಳ್ಳುವಾಗ ಒತ್ತಿ ನೋಡುವುದಿಲ್ಲ. ತಕರಾರು ಮನೆಯದು. ನನ್ನ ಮಾವ ಮೇಸ್ತ್ರಿ. ಅವರ ಊರಿನ ಅರ್ಧ ಮನೆಗಳ ಗೋಡೆ ಅವರು ಎಬ್ಬಿಸಿದ್ದು. ಅವರ ಸ್ವಂತ ಮನೆಗೆ ಮಾತ್ರ ಒಳಗೂ ಹೊರಗೂ ಗಿಲಾವಿರಲಿಲ್ಲ. ಬರೀ ಇಟ್ಟಿಗೆ, ಇಟ್ಟಿಗೆಯ ಸಂದಿಯಲ್ಲಿ ಹೊರಗೆ ಉಕ್ಕಿ ಒಣಗಿದ ಸಿಮೆಂಟು. ದೀಪದ ಬುಡದಲ್ಲಿ ಕತ್ತಲು ಎಂದು ಮಾವನೇ ನಗುತ್ತಿದ್ದರು. ಇನ್ನೊಬ್ಬರ ಗೃಹಪ್ರವೇಶ ಯಾವಾಗಲೂ ಮುಂದಿನ ವಾರವೇ ಇರುತ್ತದೆ, ತನ್ನ ಮನೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂಬುದು ಅವರ ವಾದ.

ಅಮ್ಮ ಮದುವೆಗೆ ಮುಂಚೆ ಬೀದಿಯಲ್ಲೇ ನಿಂತು ಆ ಮನೆಯನ್ನು ಮೇಲಿಂದ ಕೆಳಗೆ ನೋಡಿ, ಸಿಪ್ಪೆ ಸುಲಿದಿಟ್ಟ ಹಾಗಿದೆ ಎಂದಳು. ಗಿಲಾವಾಗುವ ತನಕ ಹೊಸ್ತಿಲು ತುಳಿಯುವುದಿಲ್ಲ ಎಂದೂ ಅಂದಳು. ನನಗೂ ಮೂಗಿನ ತುದಿಯಲ್ಲೇ ಕೋಪ. ನೀನು ಬರುವ ತನಕ ನಾನೂ ನಿನ್ನ ಅಂಗಡಿಯ ಕಡೆ ತಲೆ ಹಾಕುವುದಿಲ್ಲ ಎಂದುಬಿಟ್ಟೆ. ಆಡಿದ ಮಾತನ್ನು ಉಳಿಸಿಕೊಳ್ಳುವುದರಲ್ಲಿ ನಮ್ಮಿಬ್ಬರನ್ನು ಮೀರಿಸಿದವರಿಲ್ಲ. ಒಳಗೊಳಗೇ ನನಗೆ ಮಾತ್ರ ಒಂದೇ ಆಸೆ: ನನ್ನಮ್ಮ ನನ್ನ ಮನೆಗೆ ಬರಬೇಕು, ಕಾಲು ಚಾಚಿ ಕೂರಬೇಕು, ಮತ್ತೆ ಮತ್ತೆ ಬರಬೇಕು. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಹೇಳದಿದ್ದರೂ ಮಾವನಿಗೆ ಅರ್ಥವಾಗಿತ್ತು. ಈ ಸಲದ ಬೇಸಿಗೆಯಲ್ಲಿ ಅವರು ಎರಡು ಕೆಲಸಗಳ ನಡುವೆ ಸಿಕ್ಕ ಬಿಡುವಿನಲ್ಲಿ ಮಗನನ್ನು ಜೊತೆಗೆ ಹಾಕಿಕೊಂಡು ಮನೆಯ ಮುಂಭಾಗ, ಮುಂದಿನ ಕೋಣೆ, ಮಲಗುವ ಕೋಣೆಗಳಿಗೆಲ್ಲ ಗಿಲಾವು ಮಾಡಿ ಮುಗಿಸಿದರು. ಅಡುಗೆಮನೆಗೆ ಬರುವಷ್ಟರಲ್ಲಿ ಮರಳು ಮುಗಿಯಿತು, ಜೊತೆಗೆ ಯಾರದೋ ಗೃಹಪ್ರವೇಶವೂ ಬಂತು. ನಾನು ಅಮ್ಮನಿಗೆ ಫೋನು ಮಾಡಿ ಗಿಲಾವಾಯಿತು ಎಂದೆ. ಎಲ್ಲಾ ಆಯಿತೇ ಎಂದು ಅವಳು ಕೇಳಲಿಲ್ಲ, ಅಡುಗೆಮನೆ ಬಾಕಿಯಿದೆ ಎಂದು ನಾನು ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಬರುತ್ತೇನೆ, ಗೋಡೆ ನೋಡಿ ಮುಂದಿನ ಬಸ್ಸಿಗೆ ಹೊರಡುತ್ತೇನೆ ಎಂದಳು. ಮಗಳನ್ನು ನೋಡಲು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಗೋಡೆ ನೋಡಲು ಬರುತ್ತಾಳಂತೆ.

ಆಗಲಿ, ಗೋಡೆಯನ್ನೇ ನೋಡಲಿ. ಒಮ್ಮೆ ಒಳಗೆ ಬಂದವಳನ್ನು ಕೂರಿಸುವ ದಾರಿ ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒಂದು ದಪ್ಪ ಪರದೆ ಎಳೆದು, ಅವಳನ್ನು ಮುಂದಿನ ಕೋಣೆಯಲ್ಲೇ ಕೂರಿಸಿ, ಅವಳ ಕೈಗೆ ಅವಳದೇ ಜೆಲ್ಲಿ ಕೊಡುವುದು.

ಅವಳದೇ ಎಂದೆ, ಏಕೆಂದರೆ ನನಗೆ ತಿಳಿದಂತೆ ಅದನ್ನು ಅವಳ ಹಾಗೆ ಮಾಡುವವರಿಲ್ಲ. ವಾರದ ಕೊನೆಯಲ್ಲಿ ಅಂಗಡಿಯಲ್ಲಿ ಉಳಿದ ಹಣ್ಣು, ತುಂಬ ಮಾಗಿ ಗಿರಾಕಿ ಮೂಗು ಮುರಿಯುವಂಥದ್ದು, ನಮ್ಮ ಮನೆಯಲ್ಲಿ ಜೆಲ್ಲಿಯಾಗುತ್ತಿತ್ತು. ಡಬ್ಬಿಯ ಬಣ್ಣದ ಪುಡಿ ಅಲ್ಲ, ಹಿಂಡಿದ ರಸ, ಬಿಡಿಸಿದ ತೊಳೆ. ಅವಳ ಪರೀಕ್ಷೆಯೂ ವಿಚಿತ್ರ. ತಟ್ಟೆಯನ್ನು ಮೆಲ್ಲಗೆ ಅಲುಗಿಸಬೇಕು. ಆಗ ಜೆಲ್ಲಿ ನಗಬೇಕು, ಅಳಬಾರದು. ಕುಲುಕಿದರೆ ನಗು, ಅಂಚಿನಲ್ಲಿ ನೀರು ಬಿಟ್ಟರೆ ಅಳು. ಅತ್ತ ಜೆಲ್ಲಿಯನ್ನು ಅವಳು ಅಪ್ಪನಿಗೆ ಕೊಟ್ಟುಬಿಡುತ್ತಿದ್ದಳು. ಅಪ್ಪ ಇದ್ದಷ್ಟು ಕಾಲ ಏನು ಕೊಟ್ಟರೂ ತಿನ್ನುತ್ತಿದ್ದರು.

ಅವಳ ಬಳಿ ಒಂದು ಹಣ್ಣಿನ ಚಾಕು ಇದೆ. ಕಪ್ಪು ಮರದ ಹಿಡಿ, ಮಸೆದು ಮಸೆದು ಎಲೆಯಷ್ಟು ತೆಳ್ಳಗಾದ ಅಲಗು. ಅದು ಸದಾ ಅವಳ ಕೈಚೀಲದಲ್ಲಿರಬೇಕು. ಮದುವೆ ಮನೆಗೆ ಹೋದರೂ, ಆಸ್ಪತ್ರೆಗೆ ಯಾರನ್ನೋ ನೋಡಲು ಹೋದರೂ ಅದು ಅವಳ ಜೊತೆಗಿರುತ್ತದೆ. ಅಪ್ಪ ಒಮ್ಮೆ ಅದರಲ್ಲಿ ಹಗ್ಗ ಕೊಯ್ದದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದಳು. ನಾನಂತೂ ಅದನ್ನು ಮುಟ್ಟಿದವಳಲ್ಲ.

ಶನಿವಾರ ಸಂಜೆ ಜೆಲ್ಲಿ ಮಾಡಲು ನಿಂತೆ. ಬ್ರಹ್ಮವಿದ್ಯೆಯೇನಲ್ಲ, ಆದರೆ ಅವಸರದವರ ಕೆಲಸವೂ ಅಲ್ಲ. ಕಿತ್ತಳೆ ಹಿಂಡಿ, ತೆಳುಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಕರಗಿಸಿದೆ. ಜೆಲಾಟಿನ್ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ, ಅದು ಉಬ್ಬಿ ತೇವದ ಮರಳಿನ ಹಾಗಾಗುವ ತನಕ ಬಿಟ್ಟೆ. ಅಷ್ಟರಲ್ಲಿ ಮಾವ ಕೈಕಾಲು ತೊಳೆದುಕೊಂಡು ಬಂದು ನನ್ನ ಹಿಂದೆ ನಿಂತರು. ಅತ್ತೆ ಇಲ್ಲದ ಮನೆಯಲ್ಲಿ ಅಪ್ಪ ಮಗ ಇಬ್ಬರೇ ಬಹಳ ವರ್ಷ ಬೇಯಿಸಿಕೊಂಡು ತಿಂದವರು. ಒಲೆಯ ಮುಂದೆ ಏನು ನಡೆದರೂ ಮಾವನಿಗೆ ಕುತೂಹಲ.

ದ್ರವವಾಗಿ ಸುರಿದದ್ದು ಗಟ್ಟಿಯಾಗುತ್ತದೆ ಎಂದು ತಿಳಿದ ಕೂಡಲೇ ಅವರ ಕಣ್ಣು ಅರಳಿತು. ಅಲ್ಲಿಂದ ಮುಂದೆ ನನ್ನ ಅಡುಗೆಮನೆ ಕಾಮಗಾರಿ ನಡೆಯುವ ಜಾಗವಾಯಿತು. ಬೋಗುಣಿಗೆ ಮೊದಲು ಎಣ್ಣೆ ಸವರಿದೆಯಾ ಎಂದರು. ತಾರಸಿ ಹಾಕುವಾಗ ಸೆಂಟ್ರಿಂಗ್ ಹಲಗೆಗೆ ಎಣ್ಣೆ ಬಳಿಯದಿದ್ದರೆ ಆಮೇಲೆ ಹಲಗೆ ಬಿಡುವುದಿಲ್ಲವಂತೆ. ಸವರಿದೆ. ಬೆಚ್ಚಗಿನ ರಸಕ್ಕೆ ಪುಡಿ ಬೆರೆಸಿ ಒಂದು ಬೆರಳಿನಷ್ಟು ಸುರಿದಾಗ, ಬೋಗುಣಿಯ ಪಕ್ಕವನ್ನು ಕೈಯಿಂದ ತಟ್ಟಿ ಒಳಗಿನ ಗಾಳಿಗುಳ್ಳೆ ಎಬ್ಬಿಸಿದರು. ಅದೂ ಸರಿಯೇ. ಮೊದಲ ಪದರ ಗಟ್ಟಿಯಾದ ಮೇಲೆ ಕಿತ್ತಳೆ ತೊಳೆ, ಸೀಳಿದ ದ್ರಾಕ್ಷಿ, ದಾಳಿಂಬೆ ಕಾಳು ಜೋಡಿಸುವಾಗ ತೊಳೆಗಳನ್ನು ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಡಬೇಕೆಂದು ಹಟ ಹಿಡಿದರು. ತಾರಸಿಗೆ ಹಾಗೆ ಕಂಬಿ ಕಟ್ಟಿದರೆ ಭಾರ ತಡೆಯುತ್ತದಂತೆ. ಕೊನೆಗೆ ಒಳಗಿನಿಂದ ಮಟ್ಟ ನೋಡುವ ರಸಮಟ್ಟ ತಂದು ಫ್ರಿಜ್ಜಿನ ಹಲಗೆಯ ಮೇಲಿಟ್ಟು, ಅದರ ಗುಳ್ಳೆ ನಡುವಿಗೆ ಬರುವ ತನಕ ಫ್ರಿಜ್ಜಿನ ಒಂದು ಕಾಲಿನಡಿ ರಟ್ಟು ತುರುಕಿದರು.

ನನ್ನ ಗಂಡ ಬಾಗಿಲಲ್ಲಿ ನಿಂತು, ನಾಳೆ ತಿನ್ನುವುದಾ ಅಥವಾ ಅದರ ಮೇಲೆ ಮನೆ ಕಟ್ಟುವುದಾ ಎಂದು ಕೇಳಿದ. ಮಾವ ಅವನತ್ತ ತಿರುಗಿಯೂ ನೋಡಲಿಲ್ಲ.

ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಬೆಳಿಗ್ಗೆ ಫ್ರಿಜ್ಜು ತೆಗೆದು ನೋಡಿದರೆ ಬೋಗುಣಿಯಲ್ಲಿ ಒಂದು ಗುಳ್ಳೆಯಿಲ್ಲ, ಮೇಲ್ಮೈ ಕೆರೆಯ ನೀರಿನಷ್ಟು ಸಮ. ಬೆರಳಿಂದ ಅಲುಗಿಸಿದೆ. ನಕ್ಕಿತು. ನನಗೂ ನಗು ಬಂತು. ಮಾವನ ಮೇಲೆ ಅಪಾರ ನಂಬಿಕೆಯೂ ಬಂತು, ನಾನು ಕೆಟ್ಟದ್ದು ಅಲ್ಲೇ.

ಮಧ್ಯಾಹ್ನ ಅಮ್ಮನನ್ನು ಕರೆತರಲು ಬಸ್ಸಿನ ಕಡೆ ಹೊರಟೆ. ಗಂಡನಿಗೆ ಅರ್ಧಕ್ಕೆ ನಿಂತ ಕೆಲಸವೊಂದಿತ್ತು, ಅವನು ಆಗಲೇ ಹೋಗಿದ್ದ. ಜೆಲ್ಲಿಯ ಕಡೆ ಒಂದು ಕಣ್ಣಿಡಿ ಎಂದು ಮಾವನಿಗೆ ಹೇಳಿದೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಗೋಡೆಯನ್ನು ಮತ್ತೊಮ್ಮೆ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಚಿಂತೆ ಬಿಡು, ನಾನಿದ್ದೇನೆ ಎಂದರು.

ಅಮ್ಮ ಬಸ್ಸಿಂದ ಇಳಿದಳು. ಒಂದು ಕೈಯಲ್ಲಿ ಹಣ್ಣು ತುಂಬಿದ ಚೀಲ, ಇನ್ನೊಂದು ಬಗಲಲ್ಲಿ ಅವಚಿಕೊಂಡ ಕೈಚೀಲ. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಅವಳು ನನ್ನನ್ನು ಒಮ್ಮೆ ನೋಡಿ, ಸೊರಗಿದ್ದೀಯ ಎಂದಳು. ನಾನು ಸೊರಗಿರಲಿಲ್ಲ, ದಪ್ಪಗಾಗಿದ್ದೆ. ಆದರೂ ಆ ಮಾತು ಕೇಳಿ ಹಿತವಾಯಿತು. ದಾರಿಯುದ್ದಕ್ಕೂ ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿದಳು.

ಮನೆ ಬಂತು. ಹೊಸ್ತಿಲ ಮುಂದೆ ನಿಂತು ಗೋಡೆಯನ್ನು ಎಡದಿಂದ ಬಲಕ್ಕೆ ನೋಡಿದಳು. ಆಮೇಲೆ ಒಳಗೆ ಕಾಲಿಟ್ಟಳು. ಎರಡು ವರ್ಷದ ಹಟ ಒಂದು ಹೆಜ್ಜೆಗೆ ಮುಗಿದುಹೋಯಿತು, ನಾನೇನೋ ಎಲ್ಲಾದರೂ ಗಂಟೆ ಮೊಳಗುತ್ತದೆ ಎಂದುಕೊಂಡಿದ್ದವಳ ಹಾಗೆ ಸುಮ್ಮನೆ ನಿಂತಿದ್ದೆ. ಮುಂದಿನ ಕೋಣೆಯಲ್ಲಿ ಅವಳು ಅಂಗೈಯಿಂದ ಗೋಡೆ ಸವರಿದಳು, ಕಣ್ಣು ಕಿರಿದು ಮಾಡಿ ಮೂಲೆಯ ನೇರ ನೋಡಿದಳು. ಕೊನೆಗೆ ಬೆರಳ ಗೆಣ್ಣಿನಿಂದ ಅಲ್ಲೊಂದು ಇಲ್ಲೊಂದು ಕಡೆ ತಟ್ಟಿ, ಕಿವಿಯಿಟ್ಟು ಕೇಳಿದಳು, ಕಲ್ಲಂಗಡಿಗೆ ಮಾಡುವ ಹಾಗೆಯೇ.

ಮಾವ ಪರೀಕ್ಷೆಗೆ ಕೂತವರ ಹಾಗೆ ಕೈಕಟ್ಟಿ ನಿಂತಿದ್ದರು. ಗಿಲಾವಿನೊಳಗೆ ಟೊಳ್ಳಿದೆಯೇ ಎಂದು ಮೇಸ್ತ್ರಿಗಳೂ ತಟ್ಟಿಯೇ ನೋಡುವುದು. ಇವರು ಕಸುಬು ಬಲ್ಲವರು ಎಂಬ ಗೌರವ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಗಟ್ಟಿ ಇದೆ, ಮೇಸ್ತ್ರಿಗಳೇ," ಎಂದಳು ಅಮ್ಮ.

ಬೀಗರೇ ಎನ್ನಲಿಲ್ಲ. ಮದುವೆಯ ದಿನದಿಂದಲೂ ಅವಳು ಅವರನ್ನು ಮೇಸ್ತ್ರಿಗಳೇ ಎಂದೇ ಕರೆದದ್ದು, ಕೂಲಿಗೆ ಕರೆಸಿದವರನ್ನು ಕರೆದ ಹಾಗೆ. ಮಾವನಿಗೆ ಅದು ನೋಯುತ್ತಿತ್ತೋ ಏನೋ, ತೋರಿಸಿಕೊಂಡವರಲ್ಲ. ಈಗಂತೂ ಗಟ್ಟಿ ಎಂಬ ಒಂದು ಪದಕ್ಕೇ ಅವರ ಎದೆ ಉಬ್ಬಿತ್ತು.

ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತಳು. ಕೈಚೀಲ ಬಗಲಿಂದ ತೊಡೆಗೆ ಬಂತೇ ಹೊರತು ಕೆಳಗಿಳಿಯಲಿಲ್ಲ. ಗೋಡೆ ನೋಡಿಯಾಯಿತು, ಹೊರಡುತ್ತೇನೆ ಎಂಬ ಮಾತು ಅವಳ ನಾಲಗೆಯ ಮೇಲೇ ಕೂತಿತ್ತು. ಅದು ಇಳಿಯುವ ಮುಂಚೆ, ತಣ್ಣಗೆ ಏನಾದರೂ ತರುತ್ತೇನೆ ಎಂದು ಹೇಳಿ ಪರದೆ ಸರಿಸಿ ಒಳಗೆ ನುಗ್ಗಿದೆ. ಮಾವ ಹಿಂದೆಯೇ ಬಂದರು. ಅವರ ಮುಖದಲ್ಲಿ ಒಂದು ಗುಟ್ಟಿನ ಸಂತೋಷವಿತ್ತು.

ಬೋಗುಣಿ ಫ್ರಿಜ್ಜಿನಲ್ಲಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಗೋಣಿ ತೆಗೆದೆ. ಬೋಗುಣಿಯ ಕಂಠದ ಸುತ್ತ ಗೋಧಿಹಿಟ್ಟು ಕಲಸಿ ಅಂದವಾಗಿ ಒಂದು ಕಟ್ಟೆ ಕಟ್ಟಿತ್ತು, ಕರಣೆಯಲ್ಲಿ ತೀಡಿದ್ದರೇನೋ ಅಷ್ಟು ನುಣುಪು. ಕಟ್ಟೆಯೊಳಗೆ ತುಂಬ ನೀರು. ನೀರಿನಲ್ಲಿ ನನ್ನ ಕಿತ್ತಳೆ ತೊಳೆಗಳು, ದ್ರಾಕ್ಷಿಗಳು, ಅಡ್ಡ ಸಾಲು ಉದ್ದ ಸಾಲು ಎಲ್ಲ ಮರೆತು ತೇಲಾಡುತ್ತಿದ್ದವು.

ಬೆರಳು ಅದ್ದಿದೆ. ಬಿಸಿಯಿತ್ತು. ನಮ್ಮ ಮನೆಯ ನಲ್ಲಿಗೆ ನೀರು ಬರುವುದು ತಾರಸಿಯ ಮೇಲಿನ ಕಪ್ಪು ಟ್ಯಾಂಕಿನಿಂದ. ಬೇಸಿಗೆಯ ಮಧ್ಯಾಹ್ನ ಆ ನೀರಲ್ಲಿ ಒಲೆ ಹಚ್ಚದೆ ಸ್ನಾನ ಮಾಡಬಹುದು.

"ಮಾವ, ಇದಕ್ಕೆ ಏನ್ ಮಾಡಿದ್ರಿ?"

"ನೀರು ಹಾಕ್ದೆ ಕಣಮ್ಮ. ನೋಡಿದ್ರೆ ಮೇಲ್ಗಡೆ ಒಣಗಿತ್ತು, ಅಂಚು ಬೋಗುಣಿ ಬಿಟ್ಕೊಂಡಿತ್ತು. ಬಿರುಕು ಬಿಟ್ರೆ ಏನ್ ಗತಿ ಅಂತ ಕ್ಯೂರಿಂಗ್‌ಗೆ ಇಟ್ಟೆ." ಅವರು ಬೋಗುಣಿಯೊಳಗೆ ಇಣುಕಿದರು. ಮುಖದ ಸಂತೋಷ ಒಂದೊಂದೇ ಹನಿಯಾಗಿ ಇಳಿಯಿತು. "ತಾರಸಿ ಆದ್ರೆ ಇಷ್ಟೊತ್ತಿಗೆ ಕಲ್ಲಾಗ್ತಿತ್ತು."

ಜೀವಮಾನವಿಡೀ ಹೊಸ ಕಾಂಕ್ರೀಟನ್ನು ಬಿಸಿಲಿಗೆ ಬಿಟ್ಟವರಲ್ಲ ಅವರು. ಗಟ್ಟಿಯಾದದ್ದಕ್ಕೆ ನೀರು ಕುಡಿಸದಿದ್ದರೆ ರಾತ್ರಿ ನಿದ್ದೆ ಬಾರದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣ ಅದರಪ್ಪ. ಕೂಗಾಡಬೇಕೆಂದು ಬಾಯಿ ತೆರೆದೆ. ಇಸ್ತ್ರಿ ಅಂಗಿಯ ತೋಳಿಗೆ ಅಂಟಿದ ಗೋಧಿಹಿಟ್ಟು ಕಂಡಿತು. ಬಾಯಿ ಮುಚ್ಚಿದೆ.

ತಿರುಗಿ ನೋಡಿದರೆ ಪರದೆ ಒಂದು ಬದಿಗೆ ಸರಿದಿತ್ತು, ಅಮ್ಮ ಅಲ್ಲಿ ನಿಂತಿದ್ದಳು.

ಅವಳ ಕಣ್ಣು ಮೊದಲು ಬೋಗುಣಿಗೆ ಹೋಯಿತು. ಆಮೇಲೆ ಗೋಡೆಗೆ ಹೋಯಿತು. ಒಲೆಯ ಹಿಂದೆ, ಸಿಂಕಿನ ಮೇಲೆ, ಕಿಟಕಿಯ ಅಕ್ಕಪಕ್ಕ, ಎಲ್ಲೆಲ್ಲೂ ಕೆಂಪು ಇಟ್ಟಿಗೆ ಹಲ್ಲು ಕಿರಿದಿತ್ತು. ಎಲ್ಲಾ ಮುಗಿಯಿತು ಎನಿಸಿತು. ಹಾಗೆನಿಸಿದಾಗ ನನಗೆ ಅಳುವ ಬದಲು ರೇಗುತ್ತದೆ.

"ನಿನ್ನ ಬಸ್ಸಿಗೆ ಹೊತ್ತಾಯ್ತಲ್ಲ, ಹೊರಡು," ಎಂದೆ. "ಇಲ್ಲಿ ಗಿಲಾವಾಗಿಲ್ಲ. ನಾನೇ ಹೇಳ್ಲಿಲ್ಲ. ಇದನ್ನೂ ತಟ್ಟಿ ನೋಡ್ಕೊಂಡು ಹೋಗು."

ಹೇಳಿ ಮುಗಿಸುವಷ್ಟರಲ್ಲಿ ಅಳುವೂ ಬಂದುಬಿಟ್ಟಿತು. ಮಾವ ಒದ್ದೆ ಗೋಣಿಚೀಲವನ್ನು ಎದೆಗೆ ಹಿಡಿದು, ತಪ್ಪು ತನ್ನದು, ಮಗುವಿನದಲ್ಲ ಎಂದು ಏನೇನೋ ತೊದಲಿದರು. ಅಮ್ಮ ಬೋಗುಣಿಯ ಹತ್ತಿರ ಬಂದು ಹಿಟ್ಟಿನ ಕಟ್ಟೆಯನ್ನು ಬೆರಳಿಂದ ಒತ್ತಿ ನೋಡಿದಳು, ಗೋಣಿಚೀಲವನ್ನು ನೋಡಿದಳು, ಮಾವನನ್ನು ನೋಡಿದಳು. ಅವಳ ಭುಜ ಅಲುಗಿತು. ಅವಳ ನಗು ಯಾವಾಗಲೂ ಭುಜದಿಂದ ಶುರುವಾಗುತ್ತದೆ, ಬಾಯಿಗೆ ಬರಲು ಸ್ವಲ್ಪ ಹೊತ್ತು ಬೇಕು. ಬಂದ ಮೇಲೆ ನಿಲ್ಲುವುದಿಲ್ಲ. ಸಿಂಕಿನ ಅಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಬೀಗರೇ," ಎಂದಳು ಉಸಿರು ಎಳೆದುಕೊಂಡು, "ಇದು ಜೆಲ್ಲಿ. ತಾರಸಿ ಅಲ್ಲ."

ಮಾವ ತಲೆ ಎತ್ತಿದರು. ಬೈಗುಳವೋ ಬುದ್ಧಿಮಾತೋ ಎಂಬುದು ಅವರಿಗೆ ಬೇಕಿರಲಿಲ್ಲ. ಬೀಗರೇ ಎಂದದ್ದು ಮಾತ್ರ ಕಿವಿಗೆ ಬಿದ್ದಿತ್ತು.

ಪುಡಿ ಇನ್ನೂ ಉಳಿದಿದೆಯೇ ಎಂದು ಅಮ್ಮ ನನ್ನನ್ನು ಕೇಳಿದಳು. ಅರ್ಧ ಪೊಟ್ಟಣವಿದೆ ಎಂದೆ. ಅವಳು ಕೈಚೀಲವನ್ನು ನೆಲದ ಮೇಲಿಟ್ಟು, ಅದರಿಂದ ಚಾಕು ಹೊರತೆಗೆದಳು. ತಾನು ತಂದ ಹಣ್ಣಿನ ಚೀಲವನ್ನು ಒಲೆಯ ಕಟ್ಟೆಯ ಮೇಲೆ ಸುರಿದಳು. ಕಿತ್ತಳೆ, ಮಾವು, ಕಪ್ಪುದ್ರಾಕ್ಷಿ, ಎಲ್ಲ ಅಂಗಡಿಯ ಮೊದಲ ಸಾಲಿನವು. ಮಾಗಿ ಜಾರಿದ್ದು ಒಂದೂ ಇರಲಿಲ್ಲ. ಗೋಡೆ ನೋಡಲು ಬರುವವರು ಮೊದಲ ಸಾಲಿನ ಹಣ್ಣು ಆರಿಸಿ ತರುವುದಿಲ್ಲ ಎಂದು ನನಗೆ ಆಗ ಹೊಳೆಯಿತು.

ಜೆಲ್ಲಿ ಗಟ್ಟಿಯಾಗಲು ಸಂಜೆಯ ತನಕ ಬೇಕು ಎಂದು ನಾನು ಮೂಗೊರೆಸಿಕೊಂಡು ಹೇಳಿದೆ. ಬಸ್ಸುಗಳು ಬಹಳ ಇವೆ ಎಂದಳು ಅಮ್ಮ.

ಆಮೇಲೆ ನಡೆದದ್ದು ಅಮ್ಮನ ಯಜಮಾನಿಕೆ. ನನ್ನನ್ನು ಕಿತ್ತಳೆ ಹಿಂಡಲು ಹಾಕಿದಳು. ಕರಗಿಹೋದ ಜೆಲ್ಲಿಯ ಹಣ್ಣನ್ನೆಲ್ಲ ಸೋಸಿ ತೆಗೆದು, ಉಳಿದ ನೀರನ್ನು ದೊಡ್ಡ ಲೋಟಕ್ಕೆ ಬಗ್ಗಿಸಿ, ಮಂಜುಗಡ್ಡೆ ಹಾಕಿ ಮಾವನ ಮುಂದಿಟ್ಟಳು. ನಿಮ್ಮ ತಾರಸಿ ನೀವೇ ಕುಡಿಯಿರಿ ಎಂದಳು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಮಾವ ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದು ಪೂರ್ತಿ ಲೋಟ ಖಾಲಿ ಮಾಡಿದರು. ಅಪ್ಪನ ನೆನಪಾಯಿತು. ಅಮ್ಮನಿಗೂ ಆಗಿರಬೇಕು, ಒಂದು ಕ್ಷಣ ಚಾಕು ಹಿಡಿದ ಕೈ ನಿಂತು ಮತ್ತೆ ನಡೆಯಿತು.

ಹೊಸ ಬೋಗುಣಿ ಫ್ರಿಜ್ಜಿನೊಳಗೆ ಹೋದ ಮೇಲೆ, ಫ್ರಿಜ್ಜಿನ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಎಳೆದು ಅದರಲ್ಲಿ ಅವಳೇ ಕೂತಳು. ಬೀಗರನ್ನು ನಂಬುವ ಹಾಗಿಲ್ಲ ಎಂದಳು. ಮಾವ ಎದುರಿನ ಮಣೆಯ ಮೇಲೆ ಕೂತರು. ಅಂಗಡಿಯ ಮುಂದಿನ ಚರಂಡಿ ಕಲ್ಲು ಕುಸಿದಿರುವುದನ್ನು ಅವಳು ಹೇಳಿದಳು, ಅದು ಏಕೆ ಕುಸಿಯಿತು ಎಂಬುದನ್ನು ಅವರು ಹೇಳಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ಎರಡರಲ್ಲಿ ಯಾವುದು ಕಷ್ಟ ಎಂದು ಇಬ್ಬರಿಗೂ ವಾದ ಹತ್ತಿತು. ಮನೆಯಾದರೆ ನೀರು ಹಾಕಿದಷ್ಟೂ ಗಟ್ಟಿ ಎಂದು ಮಾವ, ಇವತ್ತಿನ ದಿನ ನೀರಿನ ಮಾತು ಎತ್ತಬೇಡಿ ಎಂದು ಅಮ್ಮ. ಅಡುಗೆಮನೆಯ ಗೋಡೆಯ ಬಗ್ಗೆ ಮಾತ್ರ ಅವಳು ತುಟಿ ಬಿಚ್ಚಲಿಲ್ಲ. ಬೆನ್ನು ಅದೇ ಇಟ್ಟಿಗೆಗೆ ಒರಗಿತ್ತು. ಯಾವಾಗಲೋ ಕಾಲು ಚಾಚಿಕೊಂಡಿದ್ದಳು. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದೆ.

ನನ್ನ ಗಂಡ ಕೆಲಸ ಮುಗಿಸಿ ಬಂದ. ತನ್ನ ಅತ್ತೆ ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಕಾವಲು ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಏನಾಯಿತು ಎಂದು ಕಣ್ಣಲ್ಲೇ ಕೇಳಿದ. ಆಮೇಲೆ ಹೇಳುತ್ತೇನೆ ಎಂದು ನಾನೂ ಕಣ್ಣಲ್ಲೇ ಹೇಳಿದೆ. ಅಮ್ಮ ಅವನಿಗೆ ಕೈ ತೊಳೆದು ಬಾ ಎಂದಳು. ಬಂದವನ ಮುಂದೆ ದಾಳಿಂಬೆಯಿಟ್ಟು ಬಿಡಿಸಲು ಹೇಳಿದಳು, ಮೇಲೆ ಉದುರಿಸಲು ಬೇಕಿತ್ತಂತೆ. ಟೈಲ್ಸ್ ಹಾಕುವವನ ಬೆರಳು, ಒಂದು ಕಾಳೂ ಒಡೆಯಲಿಲ್ಲ. ಅದನ್ನು ಅವಳು ಗಮನಿಸಿದ್ದನ್ನು ನಾನು ಗಮನಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಅಮ್ಮ ಎದ್ದು ಬೋಗುಣಿ ಹೊರತೆಗೆದಳು. ನಾಲ್ವರೂ ಸುತ್ತ ನಿಂತೆವು. ಜೆಲ್ಲಿಯನ್ನು ಬೋಗುಣಿಯಿಂದ ಬಿಡಿಸಬೇಕಾದರೆ ಅದರ ತಳವನ್ನು ಒಂದು ಉಸಿರಿನಷ್ಟು ಹೊತ್ತು ಬಿಸಿನೀರಿಗೆ ತಾಗಿಸಬೇಕು. ಹೆಚ್ಚಾದರೆ ಕರಗುತ್ತದೆ, ಕಡಿಮೆಯಾದರೆ ಅಂಟಿಕೊಂಡು ಹರಿದು ತುಂಡಾಗುತ್ತದೆ. ಅಮ್ಮ ನಲ್ಲಿ ತಿರುಗಿಸಿ ನೀರು ಮುಟ್ಟಿ ನೋಡಿದಳು. ಟ್ಯಾಂಕಿನ ನೀರು ಆಗಲೂ ಹದವಾಗಿ ಬೆಚ್ಚಗಿತ್ತು. ಅಗಲದ ಪಾತ್ರೆಯಲ್ಲಿ ಅದನ್ನು ಹಿಡಿದು, ಬೋಗುಣಿಯನ್ನು ಮಾವನ ಕೈಗೆ ಕೊಟ್ಟಳು.

"ಸೆಂಟ್ರಿಂಗ್ ಬಿಚ್ಚೋದು ನಿಮ್ಮ ಕೆಲಸ, ಬೀಗರೇ. ನಾನು ಸಾಕು ಅಂದ ತಕ್ಷಣ ಎತ್ತಿ."

ಮೂರು ಅಂತಸ್ತಿನ ತಾರಸಿ ಬಿಚ್ಚುವಾಗಲೂ ಮಾವ ಅಷ್ಟು ಎಚ್ಚರ ವಹಿಸಿರಲಾರರು. ಅದ್ದಿದರು, ಅವಳು ಸಾಕು ಎಂದಳು, ಎತ್ತಿದರು. ತಟ್ಟೆಯ ಮೇಲೆ ಮಗುಚಿ ಬೋಗುಣಿ ಸರಿಸಿದಾಗ ಜೆಲ್ಲಿ ಇಡಿಯಾಗಿ ಕೂತಿತ್ತು. ಒಳಗೆ ಮಾವಿನ ಹೋಳು, ಕಪ್ಪುದ್ರಾಕ್ಷಿ, ಸಂಜೆಯ ಬೆಳಕು ಎಲ್ಲ ಕಾಣುತ್ತಿತ್ತು. ಅಮ್ಮ ತಟ್ಟೆಯ ಅಂಚನ್ನು ಬೆರಳಿಂದ ಅಲುಗಿಸಿದಳು. ಅದು ನಕ್ಕಿತು. ಮಾವ ಒಂದು ಹನಿ ನೀರಾದರೂ ಬಿಟ್ಟಿದೆಯೇ ಎಂದು ಬಗ್ಗಿ ಸುತ್ತಲೂ ನೋಡಿದರು. ಬಿಟ್ಟಿರಲಿಲ್ಲ.

ಹುಳಿ ಸಿಹಿ ತಣ್ಣಗೆ ಗಂಟಲಿಗಿಳಿಯುತ್ತಿದ್ದಂತೆ, ನಾವು ಮನೆ ಮಾಡಿಕೊಂಡಿದ್ದ ಅಂಗಡಿಯ ಹಿಂದಿನ ಸಣ್ಣ ಕೋಣೆ, ಭಾನುವಾರ, ಅಪ್ಪನ ಪಾಲಿನ ಅಳುವ ಜೆಲ್ಲಿ, ಎಲ್ಲ ಬಂದು ನನ್ನ ಪಕ್ಕ ಕೂತವು. ಅಮ್ಮ ಎರಡನೇ ಸಲ ಹಾಕಿಸಿಕೊಂಡಳು. ಮಾವ ಮೂರನೇ ಸಲ.

ಕೊನೆಗೆ ಅವಳು ಎದ್ದು ಕೈಚೀಲ ಬಗಲಿಗೆ ಸೇರಿಸಿದಳು. ಗೋಡೆ ನೋಡಿಯಾಗಿತ್ತು, ಜೆಲ್ಲಿ ತಿಂದಾಗಿತ್ತು. ಇನ್ನು ಮುಂದೆ ಬರಲು ಅವಳಿಗೆ ನೆಪ ಬೇಕು, ಬಾ ಎನ್ನಲು ನನಗೆ ಬಾಯಿ ಬೇಕು. ಎರಡೂ ನಮ್ಮ ವಂಶದಲ್ಲಿ ಕಡಿಮೆ.

ಪರದೆಯ ತನಕ ಹೋದವಳು ತಿರುಗಿದಳು. ಆ ದಿನ ಮೊದಲ ಸಲ ಅಡುಗೆಮನೆಯ ಇಟ್ಟಿಗೆಗಳನ್ನು ನೇರವಾಗಿ ನೋಡಿ, ಗೆಣ್ಣಿನಿಂದ ಒಮ್ಮೆ ತಟ್ಟಿದಳು.

"ಇದಕ್ಕೆ ಯಾವಾಗ ಗಿಲಾವು?"

ಮುಂದಿನ ವಾರ ಎಂದು ಮಾವ ಬಾಯಿ ತಪ್ಪಿ ಹೇಳಿದರು. ಎಲ್ಲರಿಗೂ ಹಾಗೆಯೇ ಹೇಳಿ ಅಭ್ಯಾಸ.

"ಹಾಗಾದ್ರೆ ಮುಂದಿನ ವಾರ ಬಂದು ನೋಡ್ತೀನಿ," ಎಂದಳು ಅಮ್ಮ. ಪಾತ್ರೆ ಬುಟ್ಟಿಯಲ್ಲಿ ತೊಳೆದಿಟ್ಟಿದ್ದ ಕಪ್ಪು ಹಿಡಿಯ ಚಾಕನ್ನು ಗದ್ದದಿಂದ ತೋರಿಸಿದಳು. "ಅದು ಇಲ್ಲೇ ಇರಲಿ. ಹಣ್ಣು ಹೆಚ್ಚೋಕೆ ಬೇಕಾಗುತ್ತೆ. ನೀನು ಬೇಕಾದ್ರೆ ಬಳಸು. ಬೀಗರು ಮಾತ್ರ ಮುಟ್ಟೋ ಹಾಗಿಲ್ಲ, ಅದಕ್ಕೂ ನೀರು ಹಾಕಿಬಿಟ್ಟಾರು."

ನಾನು ಅವಳನ್ನು ಅಪ್ಪಿಕೊಂಡೆ. ಬೆವರು, ಕಿ‌ತ್ತಳೆ ಸಿಪ್ಪೆ, ಅಂಗಡಿಯ ಹುಲ್ಲಿನ ವಾಸನೆ. ಬಸ್ಸು ತಪ್ಪುತ್ತದೆ ಬಿಡು ಎಂದಳು, ತಾನೇನೂ ಬಿಡಲಿಲ್ಲ.

ಆ ಮುಂದಿನ ವಾರ ಅವಳು ಬಂದಾಗ ಗೋಡೆ ಹಾಗೆಯೇ ಇತ್ತು. ಮರಳು ಬಂದಿಲ್ಲ ಎಂದರು ಮಾವ. ಅವಳು ಬೈದು, ಹಣ್ಣು ಹೆಚ್ಚಿ, ಜೆಲ್ಲಿಗಿಟ್ಟು, ಸಂಜೆ ತಿಂದು ಹೋದಳು. ಅದರ ಮುಂದಿನ ವಾರ ಸಿಮೆಂಟು ಗಟ್ಟಿ ಕಟ್ಟಿತ್ತಂತೆ. ಆಮೇಲೆ ಅವರ ಭುಜ ನೋವು, ಆಮೇಲೆ ಯಾರದೋ ಗೃಹಪ್ರವೇಶ. ಒಂದು ದಿನ ನನಗೇ ನಾಚಿಕೆಯಾಗಿ, ಹಿತ್ತಲಲ್ಲಿ ಮರಳು ರಾಶಿ ಬಿದ್ದಿದೆಯಲ್ಲ ಮಾವ, ಇನ್ನಾದರೂ ಮುಗಿಸಿಬಿಡಿ ಎಂದೆ. ಅವರು ಕಿಟಕಿಯಿಂದ ಬೀದಿಯ ಕಡೆ ಇಣುಕಿ, ಅಮ್ಮ ಇನ್ನೂ ಬಂದಿಲ್ಲವೆಂದು ಖಾತರಿ ಮಾಡಿಕೊಂಡರು.

"ನಿನಗೆ ಗೊತ್ತಾಗಲ್ಲ ಬಿಡಮ್ಮ," ಎಂದರು ತಗ್ಗಿದ ದನಿಯಲ್ಲಿ. "ಈ ಗೋಡೆ ಮುಗಿಸಿಬಿಟ್ರೆ, ಬೀಗಿತ್ತಿ ಆಮೇಲೆ ಏನು ನೋಡೋಕೆ ಬರ್ತಾರೆ?"

ಇಟ್ಟಿಗೆಯ ಸಂದಿಗೆ ಅವರೇ ಒಂದು ಮೊಳೆ ಹೊಡೆದುಕೊಟ್ಟಿದ್ದಾರೆ. ಚಾಕು ಅದರಲ್ಲಿ ನೇತಾಡುತ್ತದೆ.